ಹಿಂದೆ ಕುಳಿತು ಬ್ಯಾಂಡ್ ನಡೆಸಿದ ಟಾಮಿ ರಮೋನ್

ಚೆಂಬೂರು ಎಂದರೆ ಮುಂಬಯಿಯ ಹಳಬರಿಗೆ ತಟ್ಟನೆ ನೆನಪಾಗುವುದು ಎರಡು. ಒಂದು, 1948ರಲ್ಲಿ ರಾಜ್ ಕಪೂರ್ ಸ್ಥಾಪಿಸಿದ ಆರ್.ಕೆ. ಸ್ಟುಡಿಯೊ. ಇನ್ನೊಂದು, ದೇಶ ವಿಭಜನೆಯ ಬಳಿಕ ಮನೆಮಠ ಕಳೆದುಕೊಂಡು ಬಂದವರು ನೆಲೆಯೂರಿದ ಚೆಂಬೂರು ಕ್ಯಾಂಪ್. ಸ್ಟುಡಿಯೊ ಇಂದಿಲ್ಲ. 2017ರ ಬೆಂಕಿ ಅನಾಹುತದ ಬಳಿಕ ಆ ಜಾಗ ಮಾರಾಟವಾಯಿತು. ಕ್ಯಾಂಪ್ ಎಂಬ ಹೆಸರು ಮಾತ್ರ ಹಾಗೆಯೇ ಉಳಿದುಕೊಂಡಿದೆ.

ಆರ್.ಕೆ. ಚಿತ್ರಗಳ ಹಾಡುಗಳನ್ನು ಗುನುಗುವವರು ಶಂಕರ್-ಜೈಕಿಶನ್ ಹೆಸರನ್ನು ಮರೆಯುವುದಿಲ್ಲ. ಆದರೆ ಆ ಹಾಡುಗಳಿಗೆ ನಡಿಗೆ ಕೊಟ್ಟ ತಾಳವಾದ್ಯಗಾರ ದತ್ತಾರಾಮ್ ಅವರನ್ನು ನೆನೆಯುವವರು ವಿರಳ. ವಾದ್ಯಗಾರರ ನಡುವೆ ‘ದತ್ತಾರಾಮ್ ಠೇಕಾ’ ಎಂಬ ಹೆಸರೇ ನಿಂತಿದ್ದರೂ ಜನಸಾಮಾನ್ಯರಿಗೆ ಅವರು ಅಪರಿಚಿತರು. ತಾಳ ಹಿಡಿದವರ ಪಾಡು ಎಲ್ಲೆಡೆಯೂ ಇಷ್ಟೇ. ಯಕ್ಷಗಾನ ನೋಡಿ ಮನೆಗೆ ಮರಳುವಾಗ ಭಾಗವತರ ಪದ, ವೇಷಧಾರಿಯ ಮಾತುಗಾರಿಕೆಯ ಬಗ್ಗೆ ಚರ್ಚೆ ನಡೆಯುತ್ತದೆಯೇ ಹೊರತು, ರಾತ್ರಿಯಿಡೀ ಆಟವನ್ನು ಎತ್ತಿ ಹಿಡಿದ ಮದ್ದಳೆಗಾರರ ಬಗ್ಗೆ ಒಂದು ಮಾತು ಬಂದರೆ ಅದೇ ಹೆಚ್ಚು.

ನಿರಾಶ್ರಿತರ ಬದುಕು ಮತ್ತು ತಾಳಗಾರನ ಪಾಡು, ಇವೆರಡೂ ಒಬ್ಬನೇ ವ್ಯಕ್ತಿಯಲ್ಲಿ ಕೂಡಿ ಬಂದ ಕತೆ ಸಾವಿರಾರು ಮೈಲು ದೂರದ ನ್ಯೂಯಾರ್ಕ್‌ನದ್ದು. ಅವರೇ ಪಂಕ್ ರಾಕ್ ಸಂಗೀತದ ಆದ್ಯ ತಂಡಗಳಲ್ಲೊಂದಾದ ‘ರಮೋನ್ಸ್’ನ ಡ್ರಮ್ಮರ್, ಮೂಲತಃ ಗಿಟಾರ್ ವಾದಕ ಟಾಮಿ ರಮೋನ್.

ಬುಡಾಪೆಸ್ಟ್‌ನಿಂದ ಕ್ವೀನ್ಸ್‌ಗೆ

ಟಾಮಿ ಅವರ ಹುಟ್ಟು ಹೆಸರು ತಮಾಶ್ ಎರ್ಡೆಯಿ. 1949ರ ಜನವರಿ 29ರಂದು ಹಂಗೇರಿಯ ರಾಜಧಾನಿ ಬುಡಾಪೆಸ್ಟ್‌ನಲ್ಲಿ ಜನಿಸಿದರು. ತಂದೆತಾಯಿ ಇಬ್ಬರೂ ವೃತ್ತಿಪರ ಛಾಯಾಗ್ರಾಹಕರು, ಯೆಹೂದಿಗಳು. ಎರಡನೆಯ ಮಹಾಯುದ್ಧದ ಕಾಲದ ನರಮೇಧದಲ್ಲಿ ಬಂಧುಬಳಗದ ಹಲವರನ್ನು ಕಳೆದುಕೊಂಡರು. ಈ ದಂಪತಿ ಉಳಿದದ್ದು ನೆರೆಹೊರೆಯವರು ಅಡಗಿಸಿಟ್ಟು ಕಾಪಾಡಿದ್ದರಿಂದ. 1956ರಲ್ಲಿ ಹಂಗೇರಿಯಲ್ಲಿ ಕ್ರಾಂತಿ ಭುಗಿಲೆದ್ದಾಗ ಕುಟುಂಬ ದೇಶ ಬಿಟ್ಟಿತು, 1957ರಲ್ಲಿ ಅಮೆರಿಕ ಸೇರಿತು. ಬಾಲಕ ತಮಾಶ್ ಅಲ್ಲಿ ಥಾಮಸ್ ಆದ, ಗೆಳೆಯರ ಬಾಯಲ್ಲಿ ಟಾಮಿಯಾದ.

ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದಲ್ಲಿರುವ ಫಾರೆಸ್ಟ್ ಹಿಲ್ಸ್ ಎಂಬಲ್ಲಿ ಅವರು ಬೆಳೆದರು. ಹೈಸ್ಕೂಲ್ ದಿನಗಳಲ್ಲೇ ಕೈಗೆ ಗಿಟಾರ್ ಬಂತು. 1960ರ ದಶಕದ ಮಧ್ಯದಲ್ಲಿ ‘ಟ್ಯಾಂಜರೀನ್ ಪಪೆಟ್ಸ್’ ಎಂಬ ಹುಡುಗರ ತಂಡದಲ್ಲಿ ಟಾಮಿ ಗಿಟಾರ್ ನುಡಿಸಿದರೆ, ಜಾನ್ ಕಮಿಂಗ್ಸ್ ಎಂಬ ಗೆಳೆಯ ಬೇಸ್ ಗಿಟಾರ್ ಹಿಡಿದಿದ್ದ. ಆ ತಂಡ ಹೆಚ್ಚು ದಿನ ಬಾಳಲಿಲ್ಲ, ಗೆಳೆತನ ಬಾಳಿತು.

ಬಳಿಕ ಟಾಮಿ ‘ರೆಕಾರ್ಡ್ ಪ್ಲಾಂಟ್’ ಎಂಬ ಧ್ವನಿಮುದ್ರಣ ಸ್ಟುಡಿಯೊದಲ್ಲಿ ಸಹಾಯಕ ಇಂಜಿನಿಯರ್ ಆಗಿ ದುಡಿದರು. ಮಹಾನ್ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಅವರ 1970ರ ‘ಬ್ಯಾಂಡ್ ಆಫ್ ಜಿಪ್ಸಿಸ್’ ಆಲ್ಬಂನ ಕೆಲಸದಲ್ಲಿಯೂ ಅವರ ಕೈಯಿತ್ತು. ವೇದಿಕೆಯ ಬೆಳಕಿಗೆ ಬರುವ ಮೊದಲೇ ತೆರೆಮರೆಯ ಕಸುಬು ಅವರಿಗೆ ಕರಗತವಾಗಿತ್ತು ಎನ್ನಬಹುದು.

ಮ್ಯಾನೇಜರ್ ಡ್ರಮ್ಮರ್ ಆದದ್ದು ಹೇಗೆ?

1974ರಲ್ಲಿ ಫಾರೆಸ್ಟ್ ಹಿಲ್ಸ್‌ನ ಗೆಳೆಯರು ಸೇರಿ ಒಂದು ತಂಡ ಕಟ್ಟಿದರು. ಜಾನ್ ಕಮಿಂಗ್ಸ್ ಗಿಟಾರ್, ಡಗ್ಲಸ್ ಕಾಲ್ವಿನ್ ಬೇಸ್, ಜೆಫ್ರಿ ಹೈಮನ್ ಡ್ರಮ್. ಟಾಮಿ ಅವರದ್ದು ಮ್ಯಾನೇಜರ್ ಪಾತ್ರ. ಇವರಲ್ಲಿ ಯಾರೂ ಅಣ್ಣತಮ್ಮಂದಿರಲ್ಲ. ಆದರೂ ‘ಒಂದೇ ಮನೆತನದವರು’ ಎಂಬಂತೆ ಎಲ್ಲರೂ ರಮೋನ್ ಎಂಬ ಒಂದೇ ಅಡ್ಡಹೆಸರು ಇಟ್ಟುಕೊಂಡರು. ಬೀಟಲ್ಸ್ ಖ್ಯಾತಿಯ ಪಾಲ್ ಮೆಕಾರ್ಟ್ನಿ ಒಂದು ಕಾಲದಲ್ಲಿ ಬಳಸುತ್ತಿದ್ದ ‘ಪಾಲ್ ರಮೋನ್’ ಎಂಬ ಗುಪ್ತನಾಮವೇ ಇದಕ್ಕೆ ಮೂಲ. ಹೀಗೆ ಜಾನ್ ‘ಜಾನಿ ರಮೋನ್’ ಆದರು, ಡಗ್ಲಸ್ ‘ಡೀ ಡೀ’, ಜೆಫ್ರಿ ‘ಜೋಯಿ’.

ಸ್ವಲ್ಪ ದಿನಗಳಲ್ಲೇ ಒಂದು ಸಂಗತಿ ಸ್ಪಷ್ಟವಾಯಿತು. ಡ್ರಮ್ ಹಿಂದೆ ಕುಳಿತಿದ್ದ ಜೋಯಿ ಹಾಡಲು ಮುಂದೆ ಬರಬೇಕು. ಹಾಗಾದರೆ ಡ್ರಮ್ ಬಾರಿಸುವವರು ಯಾರು? ಹಲವರನ್ನು ಕರೆಸಿ ಪರೀಕ್ಷಿಸಿದ್ದಾಯಿತು. ಬಂದವರಿಗೆ ಕೈಚಳಕವಿತ್ತು, ಆದರೆ ಈ ತಂಡಕ್ಕೆ ಬೇಕಾದ ಸರಳ, ಬಿಗಿಯಾದ ನಡೆ ಯಾರಿಗೂ ಒಗ್ಗಲಿಲ್ಲ. ಹೇಗೆ ಬಾರಿಸಬೇಕೆಂದು ತೋರಿಸಿ ತೋರಿಸಿ ಸಾಕಾದ ಟಾಮಿ ಕೊನೆಗೆ ತಾವೇ ಆ ಕುರ್ಚಿಯಲ್ಲಿ ಕುಳಿತರು. ಡ್ರಮ್ ಅವರ ವಾದ್ಯವೇ ಆಗಿರಲಿಲ್ಲ. ತಂಡದಲ್ಲಿ ಖಾಲಿಯಿದ್ದ ಜಾಗ ಅದು, ಅದನ್ನು ತುಂಬಿದರು.

ಆ ಕಾಲದ ರಾಕ್ ಸಂಗೀತದಲ್ಲಿ ಡ್ರಮ್ಮರ್ ಎಂದರೆ ಹತ್ತಾರು ನಿಮಿಷಗಳ ಸೋಲೊ, ಮಿಂಚುವ ಕೈಗಳು. ಟಾಮಿ ಅದೆಲ್ಲವನ್ನೂ ಬದಿಗಿಟ್ಟರು. ಬಲಗೈ ತಾಳದ ತಟ್ಟೆಯ ಮೇಲೆ ಬಿಡುವಿಲ್ಲದೆ ಸಮನಾಗಿ ಓಡುವುದು, ಕಾಲಿನ ದೊಡ್ಡ ಡ್ರಮ್ ಮತ್ತು ಎಡಗೈಯ ಸ್ನೇರ್ ಒಂದಾದ ಮೇಲೊಂದರಂತೆ ಬೀಳುವುದು. ಅಲಂಕಾರವಿಲ್ಲ, ಆರ್ಭಟದ ತಿರುವುಗಳಿಲ್ಲ. ಕೇಳಲು ಸುಲಭ, ಆದರೆ ಅಷ್ಟು ವೇಗದಲ್ಲಿ ಹಾಡಿನಿಂದ ಹಾಡಿಗೆ ಒಂದು ಎಳೆಯೂ ತಪ್ಪದಂತೆ ಬಾರಿಸುವುದು ಅಷ್ಟೇ ಕಷ್ಟ. ಮುಂದೆ ಪಂಕ್ ಡ್ರಮ್ಮರ್‌ಗಳು ಮಾದರಿಯಾಗಿ ಹಿಡಿದದ್ದು ಇದೇ ನಡೆಯನ್ನು.

29 ನಿಮಿಷಗಳ ಆಲ್ಬಂ

1974ರ ಆಗಸ್ಟ್ 16ರಂದು ನ್ಯೂಯಾರ್ಕ್‌ನ ಬೋವರಿ ಬೀದಿಯ ‘ಸಿಬಿಜಿಬಿ’ ಎಂಬ ಸಣ್ಣ ಬಾರ್‌ನಲ್ಲಿ ರಮೋನ್ಸ್ ಮೊದಲ ಬಾರಿಗೆ ನುಡಿಸಿದರು. ಎರಡೇ ನಿಮಿಷದ ಹಾಡುಗಳು, ನಾಲ್ಕೇ ಸ್ವರಮೇಳಗಳು, ಮೈಮೇಲೆ ಚರ್ಮದ ಜಾಕೆಟ್ ಮತ್ತು ಹರಿದ ಜೀನ್ಸ್. ದುಬಾರಿ ವಾದ್ಯ, ದೊಡ್ಡ ವೇದಿಕೆ, ವರ್ಷಗಟ್ಟಲೆ ಅಭ್ಯಾಸ ಇಲ್ಲದವರೂ ಸಂಗೀತ ಮಾಡಬಹುದು ಎಂಬುದೇ ಪಂಕ್ ರಾಕ್‌ನ ಒಟ್ಟು ತಾತ್ಪರ್ಯ.

1976ರ ಫೆಬ್ರವರಿಯಲ್ಲಿ ಮೊದಲ ಆಲ್ಬಂ ಧ್ವನಿಮುದ್ರಣಗೊಂಡಿತು. ತಗುಲಿದ ಸಮಯ ಸುಮಾರು ಒಂದು ವಾರ, ಖರ್ಚು ಸುಮಾರು 6,400 ಡಾಲರ್. 14 ಹಾಡುಗಳು, ಒಟ್ಟು 29 ನಿಮಿಷ. ಸ್ಟುಡಿಯೊ ಕೆಲಸ ಬಲ್ಲ ಟಾಮಿ ಸಹ ನಿರ್ಮಾಪಕರೂ ಆದರು. ಆಲ್ಬಂನ ಮೊದಲ ಹಾಡು ‘ಬ್ಲಿಟ್ಸ್‌ಕ್ರೀಗ್ ಬಾಪ್’ ಬಹುಪಾಲು ಅವರದೇ ರಚನೆ. ಅದರ ಆರಂಭದ ಕೂಗು ಇಂದು ಅಮೆರಿಕದ ಕ್ರೀಡಾಂಗಣಗಳಲ್ಲಿ ಮೊಳಗುತ್ತದೆ. ಕೂಗುವ ಸಾವಿರಾರು ಮಂದಿಗೆ ಬರೆದವರ ಹೆಸರು ಗೊತ್ತಿರಲಾರದು.

ಆಲ್ಬಂ 1976ರ ಏಪ್ರಿಲ್ 23ರಂದು ಬಿಡುಗಡೆಯಾಯಿತು. ಬಿಲ್ಬೋರ್ಡ್ ಪಟ್ಟಿಯಲ್ಲಿ ಅದು 111ನೇ ಸ್ಥಾನಕ್ಕಿಂತ ಮೇಲೇರಲಿಲ್ಲ. ಅದೇ ವರ್ಷ ಜುಲೈ 4ರಂದು, ಅಮೆರಿಕ ತನ್ನ ಸ್ವಾತಂತ್ರ್ಯದ 200ನೇ ವರ್ಷ ಆಚರಿಸುತ್ತಿದ್ದ ದಿನವೇ, ಈ ನಾಲ್ವರು ಲಂಡನ್‌ನ ರೌಂಡ್‌ಹೌಸ್‌ನಲ್ಲಿ ನುಡಿಸಿದರು. ಬ್ರಿಟನ್‌ನಲ್ಲಿ ಆಗಷ್ಟೇ ತಲೆಯೆತ್ತುತ್ತಿದ್ದ ಪಂಕ್ ಯುವಕರಿಗೆ ಆ ಭೇಟಿ ದೊಡ್ಡ ಪ್ರೇರಣೆಯಾಯಿತು.

ಕುರ್ಚಿ ಬಿಟ್ಟರೂ ಕೆಲಸ ಬಿಡಲಿಲ್ಲ

ಕೀರ್ತಿ ದೂರದೂರಕ್ಕೆ ಹಬ್ಬಿತೇ ಹೊರತು ಹಣ ಬರಲಿಲ್ಲ. ವ್ಯಾನಿನಲ್ಲಿ ಊರಿಂದೂರಿಗೆ ಬಿಡುವಿಲ್ಲದ ಪ್ರಯಾಣ, ಒಬ್ಬರಿಗೊಬ್ಬರು ಹೊಂದದ ಸ್ವಭಾವಗಳು. ಶಾಂತ ಸ್ವಭಾವದ ಟಾಮಿ ಅವರಿಗೆ ಈ ಬದುಕು ಒಗ್ಗಲಿಲ್ಲ. 1978ರಲ್ಲಿ ಅವರು ಡ್ರಮ್ಮರ್ ಸ್ಥಾನದಿಂದ ಕೆಳಗಿಳಿದರು. ಆ ಜಾಗಕ್ಕೆ ಮಾರ್ಕ್ ಬೆಲ್ ಬಂದರು, ಮಾರ್ಕಿ ರಮೋನ್ ಆದರು.

ಇಲ್ಲಿಯೇ ಟಾಮಿ ಅವರ ದೊಡ್ಡತನ ಕಾಣುವುದು. ಸ್ಥಾನ ಬಿಟ್ಟವರು ಮುನಿಸಿಕೊಂಡು ದೂರವಾಗುವುದು ಲೋಕರೂಢಿ. ಟಾಮಿ ಹಾಗೆ ಮಾಡಲಿಲ್ಲ. ತಮ್ಮ ಕುರ್ಚಿಯಲ್ಲಿ ಇನ್ನೊಬ್ಬರು ಕುಳಿತು ಬಾರಿಸುತ್ತಿದ್ದ ‘ರೋಡ್ ಟು ರೂಯಿನ್’ ಆಲ್ಬಂಗೆ ಅದೇ ವರ್ಷ ಗಾಜಿನ ಕಿಟಕಿಯಾಚೆ ಕುಳಿತು ಸಹ ನಿರ್ಮಾಪಕರಾಗಿ ದುಡಿದರು. 1984ರಲ್ಲಿ ತಂಡ ಮತ್ತೆ ಕರೆದಾಗ ‘ಟೂ ಟಫ್ ಟು ಡೈ’ ಆಲ್ಬಂಗಾಗಿ ಮರಳಿದರು. 1985ರಲ್ಲಿ ‘ರಿಪ್ಲೇಸ್‌ಮೆಂಟ್ಸ್’ ಎಂಬ ಇನ್ನೊಂದು ತಂಡದ ‘ಟಿಮ್’ ಆಲ್ಬಂ ಅವರ ನಿರ್ಮಾಣದಲ್ಲಿ ಬಂತು.

ಕೊನೆಕೊನೆಗೆ ಅವರು ಮರಳಿದ್ದು ತಂತಿವಾದ್ಯಗಳಿಗೆ. ಸಂಗಾತಿ ಕ್ಲಾಡಿಯಾ ಟೀನನ್ ಅವರೊಡನೆ ‘ಅಂಕಲ್ ಮಂಕ್’ ಎಂಬ ಇಬ್ಬರ ತಂಡ ಕಟ್ಟಿ ಗಿಟಾರ್, ಮ್ಯಾಂಡೋಲಿನ್, ಬ್ಯಾಂಜೊ ಹಿಡಿದು ಅಮೆರಿಕದ ಹಳ್ಳಿಗಾಡಿನ ಧಾಟಿಯ ಹಾಡುಗಳನ್ನು ನುಡಿಸಿದರು. 2006ರಲ್ಲಿ ಅವರ ಆಲ್ಬಂ ಹೊರಬಂತು. ಹಿಂದೊಮ್ಮೆ ಕಿವಿಗಡಚಿಕ್ಕುವಂತೆ ಬಾರಿಸಿದ ಕೈಗಳು ಮೆಲ್ಲನೆ ಮ್ಯಾಂಡೋಲಿನ್ ಮೀಟುವುದನ್ನು ಕಂಡು ಹಳೆಯ ಅಭಿಮಾನಿಗಳು ಬೆರಗಾದರು. ಆದರೆ ಸರಳವಾದ ಹಾಡು, ಮನೆಯ ಪಡಸಾಲೆಯಲ್ಲೂ ನುಡಿಸಬಹುದಾದ ಸಂಗೀತ ಎಂಬ ಅವರ ನಂಬಿಕೆ ಎರಡರಲ್ಲೂ ಒಂದೇ ಆಗಿತ್ತು.

ತಡವಾಗಿ ಬಂದ ಮನ್ನಣೆ

1996ರ ಆಗಸ್ಟ್ 6ರಂದು ಲಾಸ್ ಏಂಜಲಿಸ್‌ನಲ್ಲಿ ರಮೋನ್ಸ್ ಕೊನೆಯ ಕಾರ್ಯಕ್ರಮ ನೀಡಿತು. ಅದು ಅವರ 2,263ನೇ ಪ್ರದರ್ಶನ. 2001ರಲ್ಲಿ ಜೋಯಿ ತೀರಿಕೊಂಡರು. 2002ರ ಮಾರ್ಚ್‌ನಲ್ಲಿ ತಂಡಕ್ಕೆ ‘ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್’ ಗೌರವ ಸಂದಾಗ ಮುಂದೆ ನಿಂತು ಹಾಡಿದವರೇ ಇರಲಿಲ್ಲ. ಅದೇ ವರ್ಷ ಡೀ ಡೀ, 2004ರಲ್ಲಿ ಜಾನಿ ಅಗಲಿದರು. ಮೊದಲ ನಾಲ್ವರಲ್ಲಿ ಉಳಿದವರು ಟಾಮಿ ಒಬ್ಬರೇ.

2014ರ ಏಪ್ರಿಲ್‌ನಲ್ಲಿ ಆ 29 ನಿಮಿಷಗಳ ಮೊದಲ ಆಲ್ಬಂ ಅಮೆರಿಕದಲ್ಲಿ ‘ಗೋಲ್ಡ್’ ಎಂದು ಘೋಷಿಸಲ್ಪಟ್ಟಿತು. ಅಂದರೆ ಐದು ಲಕ್ಷ ಪ್ರತಿಗಳು. ಇದಕ್ಕೆ ಹಿಡಿದದ್ದು 38 ವರ್ಷಗಳು. ಸುದ್ದಿ ಕೇಳಲು ನಾಲ್ವರಲ್ಲಿ ಒಬ್ಬರೇ ಇದ್ದರು. ಅವರೂ ಹೆಚ್ಚು ದಿನ ಉಳಿಯಲಿಲ್ಲ. 2014ರ ಜುಲೈ 11ರಂದು, ಪಿತ್ತನಾಳದ ಕ್ಯಾನ್ಸರ್‌ನಿಂದ ಬಳಲುತ್ತಿದ್ದ ಟಾಮಿ ಕ್ವೀನ್ಸ್‌ನ ತಮ್ಮ ಮನೆಯಲ್ಲಿ ಕೊನೆಯುಸಿರೆಳೆದರು. ಅವರಿಗೆ 65 ವರ್ಷ. ವಲಸಿಗ ಬಾಲಕನಾಗಿ ಬೆಳೆದ ಅದೇ ಕ್ವೀನ್ಸ್ ಅವರನ್ನು ಬೀಳ್ಕೊಟ್ಟಿತು.

ನಮ್ಮ ಮನೆ, ನಮ್ಮ ಸಂಘ

ರಾಕ್ ಸಂಗೀತ ಮುಂಬಯಿಗೂ ಹೊಸತಲ್ಲ. 1986ರಲ್ಲಿ ಆರಂಭವಾದ ‘ಇಂಡಿಪೆಂಡೆನ್ಸ್ ರಾಕ್’ ಉತ್ಸವಕ್ಕೆ ಧೋಬಿ ತಲಾವ್ ಬಳಿಯ ರಂಗ್ ಭವನ ಬಹುಕಾಲ ನೆಲೆಯಾಗಿತ್ತು. ನಮ್ಮ ಕನ್ನಡದ ಮನೆಗಳಲ್ಲಿ ಮಗನೋ ಮಗಳೋ ಡ್ರಮ್ ಕಲಿಯುತ್ತೇನೆಂದರೆ ‘ಅದರಿಂದ ಹೊಟ್ಟೆ ತುಂಬುತ್ತದೆಯೇ?’ ಎಂಬ ಪ್ರಶ್ನೆ ಮೊದಲು ಬರುತ್ತದೆ. ಬರಿಗೈಯಲ್ಲಿ ಊರು ಬಿಟ್ಟು ಬಂದು ದುಡಿದು ಮನೆ ಕಟ್ಟಿದವರ ಪ್ರಶ್ನೆ ಅದು, ಅದರಲ್ಲಿ ತಪ್ಪಿಲ್ಲ. ಟಾಮಿ ಅವರ ಬದುಕು ಆ ಪ್ರಶ್ನೆಗೆ ಸುಲಭದ ಉತ್ತರ ಕೊಡುವುದೂ ಇಲ್ಲ. ಗಿಟಾರ್ ಬಲ್ಲವರು ಸ್ಟುಡಿಯೊ ಕೆಲಸ ಕಲಿತರು, ಮ್ಯಾನೇಜರ್ ಆದರು, ಡ್ರಮ್ ಬಾರಿಸಿದರು, ನಿರ್ಮಾಪಕರಾದರು. ಒಂದೇ ವಾದ್ಯವನ್ನು ನೆಚ್ಚಿ ಕೂರದೆ ಸಂಗೀತದ ಸುತ್ತಲಿನ ಎಲ್ಲ ಕೆಲಸವನ್ನೂ ಕಲಿತದ್ದರಿಂದಲೇ ಕೊನೆಯವರೆಗೂ ಸಂಗೀತದಲ್ಲಿ ಉಳಿದರು ಎಂಬುದನ್ನು ಹೆತ್ತವರೂ ಮಕ್ಕಳೂ ಗಮನಿಸಬೇಕು.

ಸಂಘ-ಸಂಸ್ಥೆಗಳ ಕಾರ್ಯಕರ್ತರಿಗೂ ಈ ಕತೆ ಅಪರಿಚಿತವಲ್ಲ. ಕೋಶಾಧಿಕಾರಿ ಸಿಗದಾಗ ಲೆಕ್ಕಪುಸ್ತಕ ಹಿಡಿಯುವವರು, ನಾಟಕದ ದಿನ ಪಾತ್ರಧಾರಿ ಬಾರದಿದ್ದರೆ ಬಣ್ಣ ಹಚ್ಚುವವರು, ಪದವಿ ಬಿಟ್ಟ ಮೇಲೂ ವಾರ್ಷಿಕೋತ್ಸವಕ್ಕೆ ಎಲ್ಲರಿಗಿಂತ ಮುಂಚೆ ಬಂದು ಕುರ್ಚಿ ಜೋಡಿಸುವವರು ಪ್ರತಿ ಸಂಘದಲ್ಲೂ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಸ್ಮರಣ ಸಂಚಿಕೆಯ ಭಾವಚಿತ್ರಗಳಲ್ಲಿ ಅವರು ಹಿಂದಿನ ಸಾಲಿನಲ್ಲಿ, ಅರ್ಧ ಮುಖ ಮರೆಯಾಗಿ ನಿಂತಿರುತ್ತಾರೆ. ಅವರಿಗೆ ಸಲ್ಲಬೇಕಾದ ಶಾಲು-ಫಲತಾಂಬೂಲಕ್ಕೆ 38 ವರ್ಷ ಕಾಯಿಸಬಾರದು.