ಗಡ್ಡಕ್ಕೆ ತಕ್ಕ ಬ್ಲೇಡು

ಸಂಕ್ರಾಂತಿ ಕಳೆದ ಮೇಲಿನ ಭಾನುವಾರ. ಮೈಸೂರಿನ ಅಗ್ರಹಾರದ ಕಟಿಂಗ್ ಶಾಪಿನಲ್ಲಿ ಬೆಳಿಗ್ಗೆ ಏಳಕ್ಕೇ ಬೆಂಚು ಭರ್ತಿ. ಮಂಗಳವಾರ ಬಾಗಿಲು ಹಾಕುವ ಅಂಗಡಿಗೆ ಭಾನುವಾರ ಹೇಗೂ ಜನ ಜಾಸ್ತಿ. ಈಗ ಶಬರಿಮಲೆಗೆ ಹೋಗಿ ಬಂದು ಮಾಲೆ ಬಿಚ್ಚಿದವರೂ ಸೇರಿದ್ದಾರೆ. ಕನ್ನಡಿಯ ಕೆಳಗಿನ ಹಲಗೆಯ ಮೇಲೆ ಪೌಡರ್ ಡಬ್ಬಿ, ನೀರು ಚಿಮುಕಿಸುವ ಬಾಟಲಿ, ಬಳಸಿ ಬಳಸಿ ಸವೆದ ಪಟಿಕದ ಗಡ್ಡೆ. ಪಕ್ಕದಲ್ಲೇ ಬ್ಲೇಡಿನ ಪುಟ್ಟ ಪೊಟ್ಟಣಗಳು: ಟೋಪಾಜ್, ಸೆವೆನ್ ಓ ಕ್ಲಾಕ್.

ಅಂಗಡಿಯವರು ಒಂದು ಬ್ಲೇಡು ತೆಗೆದು ಕಾಗದ ಬಿಚ್ಚದೆಯೇ ಉದ್ದಕ್ಕೆ ಮಡಚುತ್ತಾರೆ. ಟಕ್! ಎರಡು ಹೋಳು. ಒಂದು ಹೋಳು ಕತ್ತಿಯ ಬಾಯಿಗೆ ಸೇರಿತು, ಇನ್ನೊಂದು ಮುಂದಿನ ಗಿರಾಕಿಗೆಂದು ಕಾಗದದಲ್ಲೇ ಉಳಿಯಿತು. ಕುರ್ಚಿಯಲ್ಲಿ ಕೂತವರ ಕಣ್ಣೆದುರೇ ಹೊಸ ಹೋಳು ಹಾಕುವುದು ಏಡ್ಸ್ ಭಯ ಹಬ್ಬಿದ ಕಾಲದಿಂದ ಬಲಿತ ರೂಢಿ. ಅದಕ್ಕೂ ಹಿಂದೆ ಇದೇ ಗೋಡೆಯ ಮೊಳೆಗೆ ಚರ್ಮದ ಪಟ್ಟಿ ನೇತಾಡುತ್ತಿತ್ತು. ಇಡೀ ದಿನಕ್ಕೆ ಒಂದೇ ಕತ್ತಿ, ಮಸೆಯುವುದೇ ಅರ್ಧ ಕೆಲಸ.

ಮಸೆಯುವ ಆ ಕೆಲಸವನ್ನೇ ತಪ್ಪಿಸಲು ಹೊರಟವನು ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್. ಎರಡು ಕಡೆಯೂ ಅಲಗಿರುವ, ಸವೆದರೆ ಎಸೆಯಬಹುದಾದ ತೆಳು ಬ್ಲೇಡನ್ನು ಅವನು ಮಾರಾಟಕ್ಕಿಟ್ಟ 1903ರಲ್ಲಿ ಹೋದದ್ದು 51 ರೇಜರು, 168 ಬ್ಲೇಡು ಮಾತ್ರ. ಮರುವರ್ಷ ಪೇಟೆಂಟ್ ಸಿಕ್ಕಿತು, ವ್ಯಾಪಾರವೂ ಕುದುರಿತು. ಇಂದು ಈ ಬ್ಲೇಡಿನ ದಪ್ಪ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. ಬೆರಳಿನಲ್ಲಿ ಒತ್ತಿದರೆ ಬಾಗುತ್ತದೆ. ರೇಜರಿನ ತಲೆಯೊಳಗೆ ಕಮಾನಿನಂತೆ ಬಿಗಿದಾಗ ಮಾತ್ರ ಅದಕ್ಕೆ ಸೆಟೆತ ಬರುತ್ತದೆ.

ಮೊದಲ ಕುರ್ಚಿಯಲ್ಲಿ ಮಾಲೆ ಬಿಚ್ಚಿದ ತರುಣ. ಮಂಡಲ ಪೂರ್ತಿ ಬೆಳೆದ ಗಡ್ಡ, ತಂತಿಯಂಥ ಕೂದಲು. ಕತ್ತರಿ ಆಡಿಸಿ ಗಿಡ್ಡ ಮಾಡಿ, ನೀರು ಹಚ್ಚಿ, ಬ್ರಶ್ಶಿನಲ್ಲಿ ನೊರೆ ಎಬ್ಬಿಸಿದ್ದಾಯಿತು. ಇಲ್ಲಿ ಬೇಕಾದದ್ದು ಹರಿತ. ಕೆನ್ನೆಯ ಮೇಲಿಂದ ಕತ್ತಿ ಇಳಿಯುವಾಗ 'ಚರ್ರ್' ಸದ್ದು ಒಂದೇ ಸಮ ಬಂದರೆ ಅಂಗಡಿಯವರ ಮುಖ ಸಡಿಲ. ಸದ್ದು ನಡುವೆ ತುಂಡಾದರೆ, ತರುಣನ ಕಣ್ಣಂಚು ಮುದುಡಿದರೆ, ಬ್ಲೇಡು ಕೂದಲನ್ನು ಕೊಯ್ಯುವ ಬದಲು ಎಳೆಯುತ್ತಿದೆ ಎಂದರ್ಥ. ಗದ್ದದ ಹೊತ್ತಿಗೆ ಆ ಹೋಳು ತೆಗೆದು ಇನ್ನೊಂದು ಹಾಕಿದರು. "ಸ್ವಾಮಿಗಳ ಗಡ್ಡಕ್ಕೆ ಪೂರ್ತಿ ಬ್ಲೇಡೇ ಬೇಕು!"

ಎರಡನೆಯವರು ನಿವೃತ್ತ ಮೇಷ್ಟ್ರು. ನೆರಿಗೆ ಬಿದ್ದ ಕೆನ್ನೆ, ಹತ್ತಿಯಷ್ಟು ಮೆತ್ತನೆಯ ಬಿಳಿ ಕೂದಲು. ಅಂಗಡಿಯವರ ಎಡಗೈ ಹೆಬ್ಬೆರಳು ಚರ್ಮವನ್ನು ಜಗ್ಗಿ ಹಿಡಿದಿದೆ. ಬಲಗೈ ತೂಕವನ್ನೇ ಬಿಡುತ್ತಿಲ್ಲ. ಇಲ್ಲಿ ನಯ ಮುಖ್ಯ. ಕೂದಲು ಹೋದದ್ದೂ ಗೊತ್ತಾಗಬಾರದು, ಆಮೇಲೆ ಪಟಿಕ ಉಜ್ಜಿದಾಗ ಉರಿಯಲೂಬಾರದು. ಈ ನಯದ ಗುಟ್ಟು ಅಲಗಿನ ಮೇಲಿನ ಲೇಪದಲ್ಲಿದೆ. ಉಕ್ಕಿನ ತುದಿಗೆ ಕ್ರೋಮಿಯಂ ಅಥವಾ ಪ್ಲಾಟಿನಂ ಇರುವ ಪೊರೆ, ಅದರ ಮೇಲೆ ಟೆಫ್ಲಾನ್ ಜಾತಿಯ ಜಾರುವ ಪೊರೆ. ನಾನ್‌ಸ್ಟಿಕ್ ಕಾವಲಿಗೆ ದೋಸೆ ಅಂಟದಂತೆ ಮಾಡುವುದೂ ಇದೇ ಪದಾರ್ಥ. ಜಪಾನಿನ ಫೆದರ್ ಬ್ಲೇಡಿಗೆ ಹರಿತದಲ್ಲಿ ದೊಡ್ಡ ಹೆಸರಿದೆ, ಟರ್ಕಿಯ ಡರ್ಬಿಗೆ ಸೌಮ್ಯವೆಂಬ ಹೆಸರಿದೆ. ಒರಟು ಗಡ್ಡದವನು ಮೆಚ್ಚಿದ ಬ್ಲೇಡು ಮೇಷ್ಟ್ರ ಕೆನ್ನೆಯನ್ನು ಕೆಂಪಾಗಿಸಬಹುದು.

ಬೆಂಚಿನಲ್ಲಿ ಕಟಿಂಗಿಗಷ್ಟೇ ಕಾದಿರುವ ಬ್ಯಾಂಕ್ ನೌಕರರೊಬ್ಬರು ಶೇವಿಂಗ್ ಮನೆಯಲ್ಲೇ ಮಾಡಿಕೊಳ್ಳುವವರು. ಅವರ ಪ್ರಶ್ನೆ ಒಂದೇ: "ಒಂದು ಬ್ಲೇಡು ಎಷ್ಟು ದಿನ ಬರುತ್ತಣ್ಣ?" ಮೇಷ್ಟ್ರು ಕುರ್ಚಿಯಿಂದಲೇ ನಕ್ಕರು. ಅವರ ತಂದೆಯ ಕಾಲದ್ದು ಇಂಗಾಲದ ಉಕ್ಕು. ಒರೆಸದೆ ಬಿಟ್ಟರೆ ಬೆಳಗಾಗುವುದರೊಳಗೆ ತುಕ್ಕು. ಮೊಂಡಾದ ಬ್ಲೇಡನ್ನು ಗಾಜಿನ ಲೋಟದ ಒಳಮೈಗೆ ಉಜ್ಜಿ ಇನ್ನೆರಡು ದಿನ ಎಳೆಯುತ್ತಿದ್ದರು. ಇಂಗ್ಲೆಂಡಿನ ವಿಲ್ಕಿನ್ಸನ್ ಸ್ವೋರ್ಡ್ 1962ರಲ್ಲಿ ಲೇಪವಿರುವ ಸ್ಟೇನ್‌ಲೆಸ್ ಬ್ಲೇಡು ತಂದ ಮೇಲೆ ಉಳಿದ ಕಂಪನಿಗಳೂ ಅದೇ ದಾರಿ ಹಿಡಿದವು, ತುಕ್ಕಿನ ಕಾಟ ತಗ್ಗಿತು.

ಆದರೂ ಬ್ಲೇಡು ಮೊಂಡಾಗುತ್ತದೆ. ಗಡ್ಡದ ಕೂದಲಿಗಿಂತ ಉಕ್ಕು ಸುಮಾರು ಐವತ್ತು ಪಟ್ಟು ಗಟ್ಟಿ. ಹಾಗಿದ್ದೂ ಸೋಲುವುದೇಕೆ ಎಂಬುದನ್ನು ಅಮೆರಿಕದ ಎಂಐಟಿಯ ವಿಜ್ಞಾನಿಗಳು ಸೂಕ್ಷ್ಮದರ್ಶಕದಡಿ ನೋಡಿ 2020ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಅಲಗು ಎಲ್ಲ ಕಡೆ ಸಮವಾಗಿ ಸವೆಯುವುದಲ್ಲ, ಅಲ್ಲಲ್ಲಿ ಚಕ್ಕೆ ಏಳುತ್ತದೆ. ಕೂದಲು ಬಾಗಿ ಅಲಗಿಗೆ ಓರೆಯಾಗಿ ಸಿಕ್ಕಾಗ, ಆ ಜಾಗದ ಉಕ್ಕಿನ ಹೆಣಿಗೆಯೂ ಏರುಪೇರಾಗಿದ್ದರೆ, ಚಕ್ಕೆ ಹಾರುವ ಸಾಧ್ಯತೆ ಹೆಚ್ಚು. ಹಾಗಾಗಿ ಬಾಳಿಕೆ ಕಾರ್ಖಾನೆಯ ಕೈಯಲ್ಲಿ ಎಷ್ಟಿದೆಯೋ ನಮ್ಮ ಬಚ್ಚಲಲ್ಲೂ ಅಷ್ಟಿದೆ. ಬಿಸಿನೀರಿನಲ್ಲಿ ನೆನೆದ ಕೂದಲು ಮೆತ್ತಗಾಗಿ ಸುಲಭವಾಗಿ ತುಂಡಾಗುತ್ತದೆ. ಒಣಗಡ್ಡಕ್ಕೆ ಅವಸರದಲ್ಲಿ ಹಚ್ಚಿದ ಬ್ಲೇಡು ಬೇಗ ಕೈಕೊಡುತ್ತದೆ. ಅಲಗನ್ನು ಟವೆಲಿನಲ್ಲಿ ಒರೆಸುವುದಕ್ಕಿಂತ ತೊಳೆದು ಕೊಡವಿಡುವುದು ಮೇಲು.

ಬ್ಲೇಡುಗಳನ್ನು ಹೋಲಿಸಿ ನೋಡುವ ಆಸೆಯಿದ್ದರೆ ರೇಜರು, ಸೋಪು, ಶೇವಿಂಗಿನ ನಡುವಿನ ಅಂತರ ಇವು ಯಾವುದನ್ನೂ ಬದಲಿಸಬೇಡಿ. ಬ್ಲೇಡನ್ನು ಮಾತ್ರ ಬದಲಿಸಿ. ಮೊದಲ ದಿನವೇ ತೀರ್ಪು ಕೊಡಬೇಡಿ. ಎರಡನೇ ಸಲಕ್ಕೆ ಹದವಾಗುವ ಬ್ಲೇಡುಗಳೂ ಇವೆಯೆಂದು ಬಳಸಿದವರು ಹೇಳುತ್ತಾರೆ. ಹರಿತ, ನಯ, ಬಾಳಿಕೆ ಮೂರರಲ್ಲೂ ಎಲ್ಲರಿಗೂ ಮೇಲಾದ ಬ್ಲೇಡು ಅಂಗಡಿಯ ಹಲಗೆಯ ಮೇಲಿಲ್ಲ. ಗಡ್ಡ ಒರಟಾದರೆ ಹರಿತಕ್ಕೆ, ಚರ್ಮ ಸೂಕ್ಷ್ಮವಾದರೆ ನಯಕ್ಕೆ ಮೊದಲ ಮಣೆ. ಬಾಳಿಕೆ ಆಮೇಲಿನ ಮಾತು. ಎಳೆಯತೊಡಗಿದ ಬ್ಲೇಡಿನಿಂದ ಉಳಿಯುವುದು ಚಿಲ್ಲರೆ ಕಾಸು, ಗಾಯವಾಗುವುದು ಮುಖ.

ಇನ್ನೊಂದು ಮಾತು. ಗಡ್ಡಕ್ಕೆ ಮೊಂಡಾದ ಬ್ಲೇಡು ಬೆರಳಿಗೆ ಮೊಂಡಾಗಿರುವುದಿಲ್ಲ. ಅದನ್ನು ಹಸಿಕಸದ ಬುಟ್ಟಿಗೆ ಬರಿದೇ ಎಸೆದರೆ ಕೊಯ್ದುಕೊಳ್ಳುವುದು ಪೌರಕಾರ್ಮಿಕರ ಕೈ. ಮುಚ್ಚಳಕ್ಕೆ ಸೀಳು ಕೊರೆದ ಹಳೆಯ ತಗಡಿನ ಡಬ್ಬಿಯೊಂದು ಬಚ್ಚಲಲ್ಲಿರಲಿ. ತುಂಬಿದ ಮೇಲೆ ಟೇಪು ಸುತ್ತಿ, ಒಳಗೆ ಬ್ಲೇಡಿದೆಯೆಂದು ಮೇಲೆ ಬರೆದು, ಕಸದವರಿಗೆ ಬೇರೆಯಾಗಿ ಕೊಡಿ.