ಕರೆಂಟೂ ರಾತ್ರಿ, ಕರಡಿಯೂ ರಾತ್ರಿ: ಹೊಲದಲ್ಲಿ ಎದುರಾದರೆ ಏನು ಮಾಡಬೇಕು?

ಹೋದ ಬೇಸಿಗೆಯಲ್ಲಿ ಮಸ್ಕಿ ಹತ್ತಿರದ ನಮ್ಮೂರಿಗೆ ಹೋಗಿದ್ದೆ. ರಾತ್ರಿ ಹನ್ನೊಂದೂವರೆ. ದೊಡ್ಡಪ್ಪ ಬ್ಯಾಟರಿ, ಸಲಿಕೆ, ಕೋಲು ಹಿಡಿದು ಹೊಲಕ್ಕೆ ಹೊರಟರು. ಅವರ ಹೊಲ ಗುಡ್ಡದ ಮಗ್ಗುಲಿಗಿದೆ. ವಾರದ ಹಿಂದಷ್ಟೇ ಅಲ್ಲಿ, ಹತ್ತಿಪ್ಪತ್ತು ಹೆಜ್ಜೆ ದೂರದಲ್ಲಿ, ಕರಡಿಯೊಂದು ಹುತ್ತ ಕೆದರುತ್ತಾ ಕೂತಿದ್ದನ್ನು ಅವರು ನೋಡಿದ್ದರು. 'ಬೆಳಗ್ಗೆ ಹೋದ್ರೆ ಆಗಲ್ವಾ?' ಅಂದೆ.

'ತಮ್ಮಾ, ಕರೆಂಟು ರಾತ್ರಿ ಬರತೈತಿ. ಕರಡೀನೂ ರಾತ್ರೀನ ಬರತೈತಿ. ಮತ್ತ ನಾ ಯಾವಾಗ ಹೋಗ್ಲಿ?'

ಎಂಜಿನಿಯರಿಂಗ್ ಓದಿದ ನನ್ನ ಬಳಿ ಉತ್ತರ ಇರಲಿಲ್ಲ. ಈ ಲೇಖನ ಆ ಪ್ರಶ್ನೆಯಿಂದಲೇ ಶುರುವಾದದ್ದು.

ಕಾಡೇ ಇಲ್ಲ, ಕರಡಿ ಎಲ್ಲಿಂದ?

ರಾಯಚೂರು ಜಿಲ್ಲೆ ಅಂದ್ರೆ ಬಿಸಿಲು, ಭತ್ತ, ಹಟ್ಟಿ ಚಿನ್ನದ ಗಣಿ. ದಟ್ಟ ಕಾಡು ಯಾರ ಕಣ್ಣ ಮುಂದೆಯೂ ಬರಲ್ಲ. ಆದರೆ ನಮ್ಮ ಕರಡಿಗೆ ದಟ್ಟ ಕಾಡೇ ಬೇಕು ಅಂತೇನಿಲ್ಲ. ಹಗಲಿನ ಬಿಸಿಲಿಗೆ ತಂಪಾದ ಬಂಡೆಗಳ ಸಂದು, ಸುತ್ತ ಕುರುಚಲು, ಅದರಲ್ಲಿ ಗೆದ್ದಲು, ಇರುವೆ, ಜೇನು, ಕಾರೆ, ಬೋರೆ, ಸೀತಾಫಲ ಸಿಕ್ಕರೆ ಸಾಕು. 1915ರಲ್ಲಿ ಅಶೋಕನ ಹೆಸರಿದ್ದ ಶಾಸನ ಸಿಕ್ಕಿದ್ದು ಮಸ್ಕಿಯ ಗುಡ್ಡದ ಬಂಡೆಯ ಮೇಲೆ. ಲಿಂಗಸುಗೂರಿನಿಂದ ಮಸ್ಕಿವರೆಗೆ ಅಲ್ಲಲ್ಲಿ ಎದ್ದು ನಿಂತಿರುವ ಇಂಥ ಕಲ್ಲುಗುಡ್ಡಗಳೇ ಕರಡಿಯ ಮನೆ. ತುಂಗಭದ್ರೆಯ ಆಚೆ ದರೋಜಿಯಲ್ಲಿ 1994ರಲ್ಲಿ ಕರಡಿಧಾಮ ಮಾಡಿದ್ದೂ ಇಂಥದೇ ನೆಲದಲ್ಲಿ.

ಧಾಮದ ಗಡಿ ನಕ್ಷೆಯಲ್ಲಿದೆ, ಕರಡಿಗೆ ಅದು ಗೊತ್ತಿಲ್ಲ. ಗುಡ್ಡ ಒಡೆದು ಕಲ್ಲು ಸಾಗಿಸಿದರೆ, ಕುರುಚಲು ತೆಗೆದು ಹೊಲ ಮಾಡಿದರೆ ಅದು ಕೆಳಗಿಳಿಯುತ್ತೆ. ಕೆಳಗೆ ಶೇಂಗಾ, ಮೆಕ್ಕೆಜೋಳ, ಕಲ್ಲಂಗಡಿ, ದಾಳಿಂಬೆ ಸಿಗುತ್ತೆ. ಸಿಂಧನೂರಿನ ಬಯಲಲ್ಲಿ ಎಡದಂಡೆ ಕಾಲುವೆ ನೀರಿದೆ. ಮೇಲಿನ ಗುಡ್ಡದ ಊರುಗಳಲ್ಲಿ ಬಹುತೇಕರಿಗೆ ಬೋರ್‌ವೆಲ್ಲೇ ಗತಿ. ಬೋರ್‌ವೆಲ್ ಅಂದ ಮೇಲೆ ಕರೆಂಟಿನ ಹೊತ್ತೇ ಬದುಕಿನ ಹೊತ್ತು.

ಅದು ಯಾಕೆ ಮೈಮೇಲೆ ಬೀಳುತ್ತೆ?

ಕರಡಿಗೆ ಮನುಷ್ಯ ಆಹಾರವಲ್ಲ. ಅದರ ಬಾಯಿ ಕಟ್ಟಿರುವುದೇ ಗೆದ್ದಲು ಹೀರೋಕೆ. ಮೇಲಿನ ಸಾಲಿನ ನಡುವಿನ ಎರಡು ಹಲ್ಲು ಇರುವುದಿಲ್ಲ, ಮಣ್ಣು ಹೋಗದಂತೆ ಮೂಗಿನ ಹೊಳ್ಳೆ ಮುಚ್ಚಿಕೊಳ್ಳಬಲ್ಲದು. ಹುತ್ತಕ್ಕೆ ಬಾಯಿಟ್ಟು ಜೋರಾಗಿ ಹೀರುವಾಗ ನಿಮ್ಮ ಹೆಜ್ಜೆ ಸಪ್ಪಳ ಅದಕ್ಕೆ ಕೇಳಿಸಲ್ಲ. ಕಣ್ಣೂ ಅಷ್ಟು ಚುರುಕಲ್ಲ. ನೀವು ತೀರಾ ಹತ್ತಿರ ಬಂದಾಗಲೇ ಗೊತ್ತಾಗುತ್ತೆ, ಆಗ ಬೆಚ್ಚಿಬೀಳುತ್ತೆ.

ಹುಲಿ, ಚಿರತೆಗಳ ನಡುವೆ ಬದುಕಿ ಬಂದ ಪ್ರಾಣಿ ಇದು. ಹುಲಿ ಎದುರಾದಾಗ ಓಡಿದರೂ ಉಳಿಯಲ್ಲ, ಚಿರತೆ ಇರೋ ಕಡೆ ಮರ ಹತ್ತಿದರೂ ಉಳಿಯಲ್ಲ. ಹಾಗಾಗಿ ಮೊದಲು ತಾನೇ ಮೇಲೆ ಬೀಳೋದು ಅದರ ರಕ್ಷಣೆಯ ದಾರಿ. ಬೆನ್ನ ಮೇಲೆ ಮರಿಗಳನ್ನು ಹೊತ್ತ ತಾಯಿಯಾದರೆ ಇನ್ನೂ ಬಿರುಸು. ಹೆಚ್ಚಿನ ಸಲ ಗಾಯವಾಗೋದು ತಲೆಗೆ, ಮುಖಕ್ಕೆ. ಬದುಕಿ ಉಳಿದವರೂ ಕಣ್ಣು, ದವಡೆ ಕಳೆದುಕೊಂಡಿರುತ್ತಾರೆ.

ಎದುರಾದರೆ?

ರೀಲ್ಸ್‌ಗಳಲ್ಲಿ ನೋಡಿದ ಅಮೆರಿಕದ ಸಲಹೆಗಳನ್ನು ಇಲ್ಲಿಗೆ ತರಬೇಡಿ. ಅಲ್ಲಿನ ಕರಡಿಯ ಸ್ವಭಾವ ಬೇರೆ.

ಮೊದಲನೆಯದು, ಬೆಚ್ಚಿಬೀಳಿಸದಿರುವುದು. ಮಾತಾಡುತ್ತಾ, ಕೆಮ್ಮುತ್ತಾ, ಮೊಬೈಲಿನಲ್ಲಿ ಹಾಡು ಹಾಕಿಕೊಂಡು, ಕೋಲಿಗೆ ಗೆಜ್ಜೆ ಕಟ್ಟಿಕೊಂಡು ನಡೀರಿ. ಇಬ್ಬರು ಜೊತೆಗಿದ್ದರೆ ಒಳ್ಳೇದು. ಇಯರ್‌ಫೋನ್ ಬೇಡ.

ದೂರದಲ್ಲಿ ಕಂಡು, ಅದು ನಿಮ್ಮನ್ನು ನೋಡದಿದ್ದರೆ ಸದ್ದಿಲ್ಲದೆ ಹಿಂದಕ್ಕೆ ಹೆಜ್ಜೆ ಇಡಿ. ದೊಡ್ಡಪ್ಪ ಅವತ್ತು ಮಾಡಿದ್ದು ಅದನ್ನೇ. ಓಡಬೇಡಿ, ನಿಮಗಿಂತ ಅದು ಜೋರಾಗಿ ಓಡುತ್ತೆ. ಮರ ಹತ್ತಬೇಡಿ, ಅದೂ ಹತ್ತುತ್ತೆ. ವಿಡಿಯೋ ಮಾಡೋಕೆ, ಕಲ್ಲು ಹೊಡೆಯೋಕೆ ಹೋಗಬೇಡಿ. ಮೈಮೇಲೆ ಬಿದ್ದೇಬಿಟ್ಟರೆ ಬೋರಲು ಮಲಗಿ, ಮುಖವನ್ನು ನೆಲಕ್ಕೆ ಒತ್ತಿ, ಎರಡೂ ಕೈ ಹೆಣೆದು ಕುತ್ತಿಗೆಯ ಹಿಂಭಾಗ ಮುಚ್ಚಿಕೊಳ್ಳಿ, ಅಲುಗಬೇಡಿ. ಅಪಾಯ ಮುಗಿಯಿತು ಅನಿಸಿದರೆ ಅದು ಸಾಮಾನ್ಯವಾಗಿ ಬಿಟ್ಟು ಹೋಗುತ್ತೆ. ಹೋದ ಮೇಲೂ ಸ್ವಲ್ಪ ಹೊತ್ತು ಏಳಬೇಡಿ.

ಗಾಯವನ್ನು ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ. ಹೊಲಿಗೆ ಹಾಕಿಸಿದರೆ ಮುಗಿಯಲಿಲ್ಲ, ರೇಬಿಸ್ ಲಸಿಕೆ ಮತ್ತು ಇಮ್ಯುನೊಗ್ಲೋಬ್ಯುಲಿನ್ ಕೇಳಿ ಪಡೆಯಿರಿ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ. ಪರಿಹಾರ ಧನಕ್ಕೆ ವೈದ್ಯರ ದಾಖಲೆ ಬೇಕು, ಒಂದು ಚೀಟಿಯನ್ನೂ ಕಳೆಯಬೇಡಿ.

ಕೊಲ್ಲೋದು ಪರಿಹಾರ ಅಲ್ಲ, ಕಾನೂನೂ ಬಿಡಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿರುವ ಪ್ರಾಣಿ ಇದು.

ಹಾಗಾದರೆ ಆ ಹೊತ್ತಿಗೆ ರೈತ ಅಲ್ಲಿ ಯಾಕಿದ್ದ?

'ಹೊಲಕ್ಕೆ ನೀರು ಹಾಯಿಸಲು ಹೋದ ರೈತನ ಮೇಲೆ ಕರಡಿ ದಾಳಿ.' ಕಲ್ಯಾಣ ಕರ್ನಾಟಕದ ಪತ್ರಿಕೆ ಓದುವವರಿಗೆ ಈ ಸಾಲು ಬಾಯಿಪಾಠ. ಸುದ್ದಿಯಲ್ಲಿ ತಪ್ಪಿತಸ್ಥ ಯಾವಾಗಲೂ ಕರಡಿ. ನಡುರಾತ್ರಿ ನೀರು ಹಾಯಿಸೋಕೆ ಯಾಕೆ ಹೋದ ಅಂತ ಯಾರೂ ಕೇಳಲ್ಲ.

ಕಾರಣ ಸರಳ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಬೇಕು. ಅದು ದಿನಕ್ಕೆ ಕೆಲವೇ ಗಂಟೆ, ಪಾಳಿ ಪ್ರಕಾರ ಬರುತ್ತೆ. ನಗರ, ಕಾರ್ಖಾನೆಗಳ ಬೇಡಿಕೆ ತಗ್ಗಿದ ಹೊತ್ತಲ್ಲಿ ಹಳ್ಳಿಗೆ ಕೊಟ್ಟರೆ ಗ್ರಿಡ್ ಮೇಲಿನ ಭಾರ ಸಮನಾಗುತ್ತೆ. ಕ್ಲಾಸಿನಲ್ಲಿ ಇದನ್ನು ನಾನೇ ಗ್ರಾಫ್ ಬರೆದು ಮಾರ್ಕ್ಸ್ ತಗೊಂಡಿದ್ದೆ. ಆ ಗ್ರಾಫಿನಲ್ಲಿ ದೊಡ್ಡಪ್ಪ ಇರಲಿಲ್ಲ. ಆಟೊ ಸ್ಟಾರ್ಟರ್ ಹಾಕಿಕೊಳ್ಳಲಿ ಅನ್ನಬಹುದು. ಕರೆಂಟು ಬಂದ ಕೂಡಲೇ ಎಲ್ಲ ಮೋಟಾರೂ ಒಟ್ಟಿಗೆ ಶುರುವಾದರೆ ಟ್ರಾನ್ಸ್‌ಫಾರ್ಮರ್ ಸುಡುತ್ತೆ. ಅದೂ ಹೋಗಲಿ, ಒಂದು ಮಡಿಯಿಂದ ಇನ್ನೊಂದಕ್ಕೆ ನೀರು ತಿರುವೋಕೆ ಮನುಷ್ಯನೇ ಬೇಕು.

2023ರ ಅಕ್ಟೋಬರಿನಲ್ಲಿ ವಿಜಯಪುರ ಜಿಲ್ಲೆಯ ರೋಣಿಹಾಳದ ರೈತರು ಹೊಲದಲ್ಲಿ ಸಿಕ್ಕ ಮೊಸಳೆಯನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ವಿದ್ಯುತ್ ಉಪಕೇಂದ್ರಕ್ಕೇ ತಂದಿದ್ದರು. ರಾತ್ರಿ ಹೊಲದಲ್ಲಿ ಇದು ಕಚ್ಚಿದರೆ ಯಾರು ಹೊಣೆ ಅನ್ನೋದು ಅವರ ಪ್ರಶ್ನೆ. ಇಡೀ ರಾಜ್ಯ ಆ ವಿಡಿಯೋ ನೋಡಿ ನಕ್ಕು ಮರೆತುಬಿಟ್ಟಿತು.

ದಾರಿ ಇಲ್ಲದಿಲ್ಲ. ಪಿಎಂ-ಕುಸುಮ್ ಯೋಜನೆಯ ಸಿ ವಿಭಾಗದಲ್ಲಿ ಕೃಷಿ ಫೀಡರುಗಳನ್ನೇ ಸೋಲಾರಿಗೆ ಜೋಡಿಸಿ ಹಗಲು ಕರೆಂಟು ಕೊಡಲು ಬರುತ್ತೆ. ರಾಯಚೂರಿನಲ್ಲಿ ಬಿಸಿಲಿಗೇನು ಬರವೇ? ಯಾವ ಫೀಡರಿಗೆ ಮೊದಲು ಅನ್ನುವಾಗ ಗುಡ್ಡದಂಚಿನ ಹಳ್ಳಿಗಳು ಪಟ್ಟಿಯ ಮೇಲಿರಬೇಕು. ಅಲ್ಲಿಯವರೆಗೆ ಆ ಊರುಗಳಿಗೆ ರಾತ್ರಿ ಪಾಳಿ ಹಾಕದಿದ್ದರೆ ಸಾಕು, ಅದಕ್ಕೆ ಸೋಲಾರ್ ಬೇಡ, ಒಂದು ವೇಳಾಪಟ್ಟಿ ಬದಲಾಯಿಸಿದರೆ ಆಯ್ತು. ಕಲ್ಲುಗಣಿಗೆ ಅನುಮತಿ ಕೊಡೋ ಮುಂಚೆ ಆ ಗುಡ್ಡದಲ್ಲಿ ಕರಡಿ ಇದೆಯಾ ಅಂತ ನೋಡಬೇಕು.

ನಿಮ್ಮೂರಿನ ಗ್ರಾಮಸಭೆಯಲ್ಲಿ, ಶಾಸಕರ ಜನಸಂಪರ್ಕ ಸಭೆಯಲ್ಲಿ ಕೇಳಬೇಕಾದದ್ದು ಇಷ್ಟೇ: ನಮ್ಮ ಫೀಡರಿಗೆ ಹಗಲು ಕರೆಂಟು ಯಾವ ತಿಂಗಳಿಂದ? ತಾರೀಖನ್ನು ಬರೆಸಿಕೊಳ್ಳಿ.

ಅವತ್ತು ರಾತ್ರಿ ನಾನೂ ದೊಡ್ಡಪ್ಪನ ಜೊತೆ ಹೋದೆ. ದಾರಿಯುದ್ದಕ್ಕೂ ಅವರು ಜೋರಾಗಿ ಮಾತಾಡ್ತಾನೇ ಇದ್ದರು. ಮನೆಯಲ್ಲಿ ಅಷ್ಟು ಮಾತಾಡೋರೇ ಅಲ್ಲ.