ಧ್ವನಿಮುದ್ರಿಕೆಯ ಸಾಕ್ಷ್ಯ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮ ಹಿರಿಯರು ಹೇಳಿದರು. ಮುತ್ತಿನ ವಿಷಯ ಇಂದಿಗೂ ಹಾಗೆಯೇ ಇದೆ. ಮಾತು ಮಾತ್ರ ಈಗ ಹೋಗುವುದಿಲ್ಲ. ಭಾಷೆ, ಸಂಗೀತ, ಚರಿತ್ರೆಗಳ ಸಂಶೋಧಕರು ಹಳೆಯ ಶಾಸನವನ್ನು ಪರೀಕ್ಷಿಸುವಂತೆಯೇ ಹಳೆಯ ಧ್ವನಿಮುದ್ರಿಕೆಯನ್ನೂ ಪರೀಕ್ಷಿಸುತ್ತಾರೆ. ಆದರೆ ಶಾಸನದ ಕಲ್ಲು ನಿಂತಲ್ಲಿ ನಿಂತಿರುತ್ತದೆ. ಮುದ್ರಿಕೆಯಾದರೋ ತಿರುಗಿದರೆ ಮಾತ್ರ ನುಡಿಯುತ್ತದೆ. ಎಷ್ಟು ವೇಗದಲ್ಲಿ ತಿರುಗಬೇಕು? ತೊಡಕೆಲ್ಲ ಈ ಪ್ರಶ್ನೆಯಲ್ಲಿದೆ.

ಫ್ರಾನ್ಸಿನ ಸ್ಕಾಟ್ ದ ಮಾರ್ಟಿನ್‌ವಿಲ್ ಎಂಬಾತನು 1860ರ ಏಪ್ರಿಲ್ 9ರಂದು ಒಂದು ಜನಪದ ಗೀತದ ಕಂಪನಗಳನ್ನು ಮಸಿ ಹಿಡಿಸಿದ ಕಾಗದದ ಮೇಲೆ ಗೆರೆಯಾಗಿ ಬರೆಯಿಸಿದನು. ಆ ಗೆರೆಯನ್ನು ಮತ್ತೆ ನುಡಿಸುವ ಉಪಾಯ ಅವನಿಗಿರಲಿಲ್ಲ. ಅಮೆರಿಕದ ಸಂಶೋಧಕರು 2008ರಲ್ಲಿ ಕಂಪ್ಯೂಟರಿನ ನೆರವಿನಿಂದ ಅದನ್ನು ನುಡಿಸಿದಾಗ ಕೇಳಿಬಂದದ್ದು ಹುಡುಗಿಯ ಕಂಠದಂತಹ ಧ್ವನಿ. ಜಗತ್ತು ಬೆರಗಾಯಿತು. ಆದರೆ ಅದು ಹುಡುಗಿಯ ಕಂಠವಾಗಿರಲಿಲ್ಲ! ಸ್ಕಾಟನು ಹಾಡಿನ ಪಕ್ಕದಲ್ಲಿಯೇ ಒಂದು ಶ್ರುತಿಕವೆಯ ಕಂಪನವನ್ನೂ ಬರೆಯಿಸಿದ್ದನು. ಅದರಿಂದಲೇ ವೇಗವನ್ನು ಗಣಿಸಬೇಕಾಗಿತ್ತು. ಸೆಕೆಂಡಿಗೆ 500 ಕಂಪನಗಳೆಂದು ಸಂಶೋಧಕರು ಎಣಿಸಿದರು. ಆ ಕಾಲದ ಫ್ರೆಂಚರಾದರೋ ಕವೆಯು ಅತ್ತ ಹೋದುದನ್ನು ಒಂದು, ಇತ್ತ ಬಂದುದನ್ನು ಇನ್ನೊಂದು ಎಂದು ಲೆಕ್ಕ ಹಾಕುತ್ತಿದ್ದರು. ಇಂದಿನ ಗಣನೆಯಲ್ಲಿ ಅದು 250 ಮಾತ್ರ. ವೇಗವನ್ನು ಅರ್ಧಕ್ಕೆ ಇಳಿಸಿದಾಗ ಹುಡುಗಿ ಮಾಯವಾಗಿ, ನಿಧಾನವಾಗಿ ಹಾಡುವ ಗಂಡಸೊಬ್ಬನು, ಪ್ರಾಯಶಃ ಸ್ಕಾಟನೇ, ಪ್ರತ್ಯಕ್ಷನಾದನು.

ನಮ್ಮ ದೇಶದ ಮುದ್ರಿಕೆಗಳೂ ಇದಕ್ಕೆ ಹೊರತಲ್ಲ. ಕಲ್ಕತ್ತೆಯಲ್ಲಿ 1902ರಲ್ಲಿ ಗೌಹರ್ ಜಾನ್ ಅವರ ಹಾಡುಗಳು ಮುದ್ರಿತವಾದುವು. ನಿಮಿಷಕ್ಕೆ 78 ಸುತ್ತು ಎಂಬ ನಿಯಮವು ಆಗ ಇನ್ನೂ ನೆಲೆಗೊಂಡಿರಲಿಲ್ಲ. 73.5 ಸುತ್ತಿನಲ್ಲಿ ಮುದ್ರಿತವಾದ ಫಲಕವನ್ನು 78ರಲ್ಲಿ ತಿರುಗಿಸಿದರೆ ಶ್ರುತಿಯು ಒಂದು ಸ್ವರಸ್ಥಾನದಷ್ಟು ಮೇಲೇರುತ್ತದೆ. ಲಯವೂ ಅಷ್ಟೇ ಚುರುಕಾಗುತ್ತದೆ. ಅಂದಿನ ಗಾಯಕರು ಎಷ್ಟು ಎತ್ತರದ ಶ್ರುತಿಯಲ್ಲಿ ಹಾಡುತ್ತಿದ್ದರೆಂದು ಇದರಿಂದ ನಿರ್ಣಯಿಸುವವನು ಯಂತ್ರದ ಗುಣವನ್ನು ಕಂಠಕ್ಕೆ ಆರೋಪಿಸಿದಂತಾಯಿತು. ಫಲಕದಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು ಎಂಬುದನ್ನೂ ಮರೆಯಬಾರದು. ಕಚೇರಿಯಲ್ಲಿಯೂ ರಾಗವನ್ನು ಅಷ್ಟರಲ್ಲೇ ಮುಗಿಸುತ್ತಿದ್ದರೆಂದು ಯಾರು ನಂಬುವರು?

ಮೂಕಿ ಚಿತ್ರಗಳಲ್ಲಿ ಜನರು ಓಡುವಂತೆ ನಡೆಯುವುದು ಇದೇ ಕಾರಣದಿಂದ. ಸೆಕೆಂಡಿಗೆ 16 ಚಿತ್ರಗಳಂತೆ ತೆಗೆದುದನ್ನು 24ರಂತೆ ತೋರಿಸಿದರೆ ನಡಿಗೆ ಒಂದೂವರೆ ಪಟ್ಟು ಬಿರುಸಾಗುತ್ತದೆ.

ವಿದ್ಯುದ್ಯಂತ್ರದಿಂದ ಆದ ಮುದ್ರಣಗಳಲ್ಲಿ ಮಾತ್ರ ಒಂದು ದೋಷವೇ ಸಹಾಯಕ್ಕೆ ಬರುವುದುಂಟು. ಭಾರತದಲ್ಲಿ ಮನೆಗಳಿಗೆ ಬರುವ ವಿದ್ಯುತ್ತಿನ ಆವೃತ್ತಿ ಸೆಕೆಂಡಿಗೆ 50. ಅದರ ಸಣ್ಣ ಗುಂಯ್‌ಗುಡುವಿಕೆ ಹಾಡಿನ ಹಿಂದೆ ಸುರುಳಿಯ ಮೇಲೆ ಸೇರಿರುತ್ತದೆ. ಪರೀಕ್ಷಿಸಿದಾಗ ಅದು 53 ಎಂದು ತೋರಿದರೆ ಸುರುಳಿಯು ನೂರಕ್ಕೆ ಆರರಷ್ಟು ವೇಗವಾಗಿ ಓಡುತ್ತಿದೆಯೆಂದು ನಾವು ತಿಳಿಯಬಹುದು. ನಕಲು ಮಾಡಿದ ಯಂತ್ರವು ತನ್ನ ಗುಂಯ್‌ಕಾರವನ್ನೂ ಸೇರಿಸಿರಬಹುದಾದುದರಿಂದ ಎರಡನ್ನೂ ಬೇರ್ಪಡಿಸಿ ನೋಡಬೇಕು. ಮೂಲದ ಗುಂಯ್‌ಕಾರವನ್ನು 50ಕ್ಕೆ ಇಳಿಸಿದಾಗ ಹಾಡಿನ ಶ್ರುತಿಯೂ ತನ್ನ ಸ್ಥಾನಕ್ಕೆ ಬಂದು ನಿಲ್ಲುತ್ತದೆ.